ಪುಕ್ಕಟೆ ಕೋಡ್‌ಗೆ ಬೆಲೆ ಕಟ್ಟುವುದು ಹೇಗೆ? ಓಪನ್ ಸೋರ್ಸ್ ಸಿಎಂಎಸ್ ಕಂಪನಿ ಶುರುಮಾಡುವವರಿಗೆ

2004ರ ಮೇ ತಿಂಗಳಲ್ಲಿ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶದ 3.0 ಆವೃತ್ತಿ ಬಂತು. ಸ್ವಂತಕ್ಕೆ ಬಳಸುವವರಿಗೆ ಅದು ಅಲ್ಲಿಯವರೆಗೆ ಪುಕ್ಕಟೆಯಾಗಿತ್ತು. ಹೊಸ ಆವೃತ್ತಿಯಲ್ಲಿ ಪುಕ್ಕಟೆ ಎಂದರೆ ಒಬ್ಬ ಲೇಖಕ, ಮೂರು ಬ್ಲಾಗ್, ಅಷ್ಟೇ. ಅದಕ್ಕಿಂತ ಹೆಚ್ಚು ಬೇಕಾದವರು ದುಡ್ಡು ಕೊಡಬೇಕಿತ್ತು. ಬಳಕೆದಾರರು ರೇಗಿದರು. ಅದೇ ತಿಂಗಳ 22ರಂದು ವರ್ಡ್‌ಪ್ರೆಸ್ ಎಂಬ ಇನ್ನೊಂದು ಬ್ಲಾಗ್ ತಂತ್ರಾಂಶದ 1.2 ಆವೃತ್ತಿ ಬಿಡುಗಡೆಯಾಯಿತು. ಅದಕ್ಕೆ ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಬಿಡಿ ತಂತ್ರಾಂಶ) ಜೋಡಿಸಬಹುದಿತ್ತು, ಕೋಡನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಲು ಬಿಡುವ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಇತ್ತು. ಮುನಿಸಿಕೊಂಡು ಹೊರಟವರಿಗೆ ಹೋಗಲು ಜಾಗ ಸಿದ್ಧವಾಗಿತ್ತು. ಮೂವಬಲ್ ಟೈಪ್ ತಯಾರಿಸುತ್ತಿದ್ದ ಸಿಕ್ಸ್ ಅಪಾರ್ಟ್ ಕಂಪನಿ ಆಮೇಲೆ ನಿಯಮ ಸಡಿಲಿಸಿತು, 2007ರಲ್ಲಿ ಓಪನ್ ಸೋರ್ಸ್ ಆವೃತ್ತಿಯನ್ನೂ ಕೊಟ್ಟಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಸಿಕ್ಸ್ ಅಪಾರ್ಟ್ ದುಡ್ಡು ಕೇಳಿದ್ದರಲ್ಲಿ ತಪ್ಪೇನಿಲ್ಲ. ಒಮ್ಮೆ ಪುಕ್ಕಟೆ ಕೊಟ್ಟದ್ದಕ್ಕೆ ಆಮೇಲೆ ದುಡ್ಡು ಕೇಳಿದ್ದೇ ಜನರಿಗೆ ನುಂಗಲಾಗದ ತುತ್ತಾಯಿತು. ಸಿಎಂಎಸ್, ಅಂದರೆ ಜಾಲತಾಣದ ಬರಹ, ಚಿತ್ರಗಳನ್ನು ಸೇರಿಸಿ ಪ್ರಕಟಿಸುವ ತಂತ್ರಾಂಶದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಬಳಕೆದಾರನ ವರ್ಷಗಳ ಬರಹ, ಚಿತ್ರ, ಪುಟಗಳೆಲ್ಲ ನಿಮ್ಮ ತಂತ್ರಾಂಶದೊಳಗೆ ಕೂತಿರುತ್ತವೆ. ನಿಯಮ ಬದಲಾದರೆ ತನ್ನನ್ನು ಕಟ್ಟಿಹಾಕಿದರು ಅನ್ನಿಸುತ್ತದೆ. ಆದ್ದರಿಂದ ಯಾವುದು ಎಂದೆಂದಿಗೂ ಪುಕ್ಕಟೆ, ಯಾವುದಕ್ಕೆ ಬೆಲೆ ಎಂಬ ಗೆರೆಯನ್ನು ಮೊದಲ ಬಿಡುಗಡೆಗೆ ಮುಂಚೆಯೇ ಎಳೆಯಬೇಕು. ‘ಮೊದಲು ಜನ ಸೇರಲಿ, ಬೆಲೆ ಆಮೇಲೆ ನೋಡೋಣ’ ಎನ್ನುವ ಸಲಹೆ ಬೇರೆ ಸ್ಟಾರ್ಟಪ್‌ಗಳಿಗೆ ಸರಿಯಿರಬಹುದು. ಇಲ್ಲಿ ಅದು ಕೈಕಚ್ಚುತ್ತದೆ.

ಕೋಡ್ ಹೊರಬೀಳುವ ಮುಂಚೆ

ಮೊದಲನೆಯದು ಲೈಸೆನ್ಸ್. ಎಂಐಟಿ ಲೈಸೆನ್ಸ್ ಕೊಟ್ಟರೆ ಯಾರು ಬೇಕಾದರೂ ನಿಮ್ಮ ಕೋಡ್ ಎತ್ತಿಕೊಂಡು ಹೋಸ್ಟಿಂಗ್ (ಗ್ರಾಹಕರ ತಾಣವನ್ನು ತಮ್ಮ ಸರ್ವರ್‌ನಲ್ಲಿ ನಡೆಸಿಕೊಡುವ ಸೇವೆ) ಮಾರಬಹುದು, ಬದಲಾವಣೆಗಳನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದು. ಘೋಸ್ಟ್ ಎಂಬ ಸಿಎಂಎಸ್ ಇದೇ ಲೈಸೆನ್ಸ್‌ನಲ್ಲಿದೆ. ಪೇಲೋಡ್ ಎಂಬ ಇನ್ನೊಂದು ಸಿಎಂಎಸ್ ಮೊದಲು ಲೈಸೆನ್ಸ್ ಶುಲ್ಕ ಇಟ್ಟುಕೊಂಡಿತ್ತು, 2022ರಲ್ಲಿ ಎಂಐಟಿಗೆ ಬಂತು, 2025ರಲ್ಲಿ ವಿನ್ಯಾಸ ತಂತ್ರಾಂಶದ ಕಂಪನಿ ಫಿಗ್ಮಾ ಅದನ್ನು ಕೊಂಡಿತು. ವರ್ಡ್‌ಪ್ರೆಸ್ ಮತ್ತು ಡ್ರೂಪಲ್ ಎಂಬ ಸಿಎಂಎಸ್‌ಗಳ ಜಿಪಿಎಲ್‌ನಲ್ಲಿ ತಂತ್ರಾಂಶವನ್ನು ಹಂಚಿದವನು ಬದಲಾಯಿಸಿದ ಕೋಡನ್ನೂ ಕೊಡಬೇಕು. ಆದರೆ ತನ್ನದೇ ಸರ್ವರ್‌ನಲ್ಲಿ ಓಡಿಸಿ ಸೇವೆ ಮಾರಿದರೆ ಅದು ಹಂಚಿಕೆಯಲ್ಲ. ಎಜಿಪಿಎಲ್ ಎಂಬ ಲೈಸೆನ್ಸ್ ಆ ಕಿಂಡಿಯನ್ನು ಮುಚ್ಚುತ್ತದೆ: ಬದಲಾಯಿಸಿದ ಆವೃತ್ತಿಯನ್ನು ನೆಟ್‌ವರ್ಕ್ ಮೂಲಕ ಬಳಸಲು ಬಿಟ್ಟರೂ ಕೋಡ್ ಕೊಡಬೇಕು. ದೊಡ್ಡ ಕಂಪನಿಗಳ ಕಾನೂನು ವಿಭಾಗಗಳು ಎಜಿಪಿಎಲ್ ಹೆಸರು ಕೇಳಿದರೆ ಹಿಂಜರಿಯುತ್ತವೆ. ಈ ಅಂಜಿಕೆಯೇ ‘ವಾಣಿಜ್ಯ ಲೈಸೆನ್ಸ್ ಬೇಕಾದರೆ ಕೊಂಡುಕೊಳ್ಳಿ’ ಎಂದು ಮಾರುವವರಿಗೆ ಅನುಕೂಲವೂ ಹೌದು.

ಇನ್ನೊಂದು ದಾರಿ ಡೈರೆಕ್ಟಸ್ ಎಂಬ ಸಿಎಂಎಸ್ ಹಿಡಿದದ್ದು. 2023ರಲ್ಲಿ 10ನೇ ಆವೃತ್ತಿಯೊಂದಿಗೆ ಅದು ಜಿಪಿಎಲ್ ಬಿಟ್ಟು ಬಿಎಸ್ಎಲ್‌ಗೆ (ಬಿಸಿನೆಸ್ ಸೋರ್ಸ್ ಲೈಸೆನ್ಸ್) ಬಂತು. ವರ್ಷದ ಆದಾಯ ಮತ್ತು ಬಂಡವಾಳ ಸೇರಿ 50 ಲಕ್ಷ ಡಾಲರ್‌ಗಿಂತ ಕಡಿಮೆ ಇರುವವರಿಗೆ ಪುಕ್ಕಟೆ, ಮೇಲಿದ್ದವರು ಲೈಸೆನ್ಸ್ ಕೊಳ್ಳಬೇಕು ಎಂಬುದು ಆಗಿನ ನಿಯಮ. ಪ್ರತಿ ಬಿಡುಗಡೆಯೂ ಮೂರು ವರ್ಷದ ನಂತರ ಜಿಪಿಎಲ್ ಆಗುತ್ತದೆ ಎಂದೂ ಇತ್ತು. ಲೆಕ್ಕ ನ್ಯಾಯವಾಗಿಯೇ ಇದೆ. ಆದರೆ ಕಟ್ಟುನಿಟ್ಟಿನ ಅರ್ಥದಲ್ಲಿ ಬಿಎಸ್ಎಲ್ ಓಪನ್ ಸೋರ್ಸ್ ಅಲ್ಲ. ಜಾಹೀರಾತಿನಲ್ಲಿ ಹಾಗೆಂದು ಬರೆದರೆ ಮೊದಲ ದಿನವೇ ಜಗಳ.

ಹೊರಗಿನವರ ಕೋಡ್ ಸೇರಿಸಿಕೊಳ್ಳುವ ಮುಂಚೆ ಕೊಡುಗೆ ಒಪ್ಪಂದದ (ಕೊಟ್ಟ ಕೋಡಿನ ಲೈಸೆನ್ಸ್ ಬದಲಿಸುವ ಹಕ್ಕನ್ನು ಕಂಪನಿಗೆ ಬರೆದುಕೊಡುವ ಪತ್ರ) ಬಗ್ಗೆಯೂ ತೀರ್ಮಾನಿಸಿ. ವರ್ಡ್‌ಪ್ರೆಸ್‌ನ ಹಕ್ಕುಸ್ವಾಮ್ಯ ಅಸಂಖ್ಯ ಜನರಲ್ಲಿ ಹಂಚಿಹೋಗಿದೆ. ಲೈಸೆನ್ಸ್ ಬದಲಿಸಬೇಕೆಂದರೆ ಎಲ್ಲರ ಒಪ್ಪಿಗೆ ಬೇಕು, ಅಂದರೆ ಆಗದ ಮಾತು. ಎರಡು ಬಗೆಯ ಲೈಸೆನ್ಸ್ ಮಾರುವ ಯೋಚನೆ ಇದ್ದರೆ ಮೊದಲ ಹೊರಗಿನ ಸಾಲು ಸೇರುವ ಮುಂಚೆಯೇ ಒಪ್ಪಂದ ಇರಲಿ. ಆ ಯೋಚನೆ ಇಲ್ಲದಿದ್ದರೆ ಇಟ್ಟುಕೊಳ್ಳಬೇಡಿ. ಕೋಡ್ ಕೊಡುವವರಿಗೆ ಅದು ‘ನಾಳೆ ಲೈಸೆನ್ಸ್ ಬದಲಿಸುತ್ತೇವೆ’ ಎಂಬ ನೋಟಿಸಿನಂತೆ ಕಾಣುತ್ತದೆ.

ಮೂರನೆಯದು ಹೆಸರು. ಕೋಡ್ ಎಲ್ಲರದ್ದೂ ಆದಾಗ ನಿಮ್ಮದೇ ಎಂದು ಉಳಿಯುವುದು ಟ್ರೇಡ್‌ಮಾರ್ಕ್ ಒಂದೇ. ಭಾರತದಲ್ಲಿ ತಂತ್ರಾಂಶಕ್ಕೆ 9ನೇ ವರ್ಗ, ಆನ್‌ಲೈನ್ ಸೇವೆಗೆ 42ನೇ ವರ್ಗ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸ್ಟಾರ್ಟಪ್‌ಗಳು ಮತ್ತು ಸಣ್ಣ ಉದ್ಯಮಗಳಿಗೆ ವರ್ಗಕ್ಕೆ ₹4,500, ಉಳಿದವರಿಗೆ ₹9,000. ಹೆಸರನ್ನು ಯಾರು ಹೇಗೆ ಬಳಸಬಹುದು ಎಂದು ಒಂದು ಪುಟದ ನಿಯಮವನ್ನೂ ಮೊದಲ ದಿನವೇ ಹಾಕಿ: ‘ಇಂಥ ಸಿಎಂಎಸ್‌ಗೆ ಹೋಸ್ಟಿಂಗ್ ಕೊಡುತ್ತೇವೆ’ ಎನ್ನಬಹುದು, ಡೊಮೇನ್ ಹೆಸರಿನಲ್ಲಿ ಸೇರಿಸಿಕೊಳ್ಳುವಂತಿಲ್ಲ, ಹೀಗೆ. ಗೆರೆ ಮಸುಕಾಗಿದ್ದರೆ ಏನಾಗುತ್ತದೆ ಎಂಬುದು 2024ರ ಸೆಪ್ಟೆಂಬರ್‌ನಲ್ಲಿ ಕಂಡಿತು. ವರ್ಡ್‌ಪ್ರೆಸ್ ಹೆಸರಿನ ಬಳಕೆಯ ವಿಷಯದಲ್ಲಿ ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯಿಂದ ಆದಾಯದ 8% ಕೇಳಿತು. ಮುಂದಿನ ತಿಂಗಳೇ ಡಬ್ಲ್ಯುಪಿ ಎಂಜಿನ್ ಕೋರ್ಟು ಮೆಟ್ಟಿಲೇರಿತು, ಡಿಸೆಂಬರ್‌ನಲ್ಲಿ ಡಬ್ಲ್ಯುಪಿ ಎಂಜಿನ್ ಪರವಾಗಿ ತಾತ್ಕಾಲಿಕ ತಡೆಯಾಜ್ಞೆ ಬಂತು.

ಮಾರುವುದು ಏನನ್ನು?

ಹೋಸ್ಟಿಂಗ್, ಹೆಚ್ಚುವರಿ ಸೌಲಭ್ಯ, ಸಪೋರ್ಟ್ ಒಪ್ಪಂದ, ಒಮ್ಮೆಯ ಕೆಲಸಗಳು. ಎಲ್ಲ ಸಿಎಂಎಸ್ ಕಂಪನಿಗಳೂ ಇವುಗಳ ಒಂದಲ್ಲ ಒಂದು ಮಿಶ್ರಣದಲ್ಲೇ ಬದುಕುತ್ತಿವೆ. ಡ್ರೂಪಲ್ ಶುರುಮಾಡಿದ ಡ್ರೀಸ್ ಬೈಟಾರ್ಟ್ 2007ರಲ್ಲಿ ಸ್ಥಾಪಿಸಿದ ಅಕ್ವಿಯಾ ದೊಡ್ಡ ಸಂಸ್ಥೆಗಳಿಗೆ ಹೋಸ್ಟಿಂಗ್ ಮತ್ತು ಸಪೋರ್ಟ್ ಮಾರುತ್ತದೆ. ಘೋಸ್ಟ್ 2013ರಲ್ಲಿ ಜನರಿಂದ ಬಂಡವಾಳ ಎತ್ತುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 25,000 ಪೌಂಡ್ ಕೇಳಿ 1.96 ಲಕ್ಷ ಪೌಂಡ್ ಪಡೆಯಿತು. ಲಾಭರಹಿತ ಸಂಸ್ಥೆಯಾಗಿ ನಿಂತು, ಮುಖ್ಯವಾಗಿ ಹೋಸ್ಟಿಂಗ್ ಆದಾಯದಲ್ಲೇ ನಡೆದುಕೊಂಡು ಬಂದಿದೆ.

ಹೊಸಬರಿಗೆ ನಮ್ಮ ಸಲಹೆ: ಹೋಸ್ಟಿಂಗ್‌ನಿಂದ ಶುರುಮಾಡಿ. ಕೋಡ್ ಪುಕ್ಕಟೆ ಸಿಕ್ಕರೂ ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ಬಿದ್ದಾಗ ಎದ್ದು ನೋಡುವವರು ಪುಕ್ಕಟೆ ಸಿಗುವುದಿಲ್ಲ. ಈ ವ್ಯತ್ಯಾಸ ಯಾವ ಗ್ರಾಹಕನಿಗೂ ತಟ್ಟನೆ ಅರ್ಥವಾಗುತ್ತದೆ, ಅದಕ್ಕಾಗಿ ಕೋಡ್‌ನ ಯಾವ ಭಾಗಕ್ಕೂ ಬೀಗ ಹಾಕಬೇಕಿಲ್ಲ.

ಬೀಗ ಹಾಕುವುದೇ ಆದರೆ ಎಲ್ಲಿ? ಕೋಡ್ ನಿರ್ವಹಣೆಯ ಗಿಟ್‌ಲ್ಯಾಬ್ ಕಂಪನಿ ಬಳಸುವ ಒಂದು ಒರೆಗಲ್ಲು ಇಲ್ಲಿಗೂ ಹೊಂದುತ್ತದೆ: ಆ ಸೌಲಭ್ಯ ಬೇಕೆಂದು ಹಟ ಹಿಡಿಯುವವರು ಯಾರು ಎಂದು ನೋಡುವುದು. ಬರೆಯುವವನಿಗೆ ಬೇಕಾದದ್ದು (ಎಡಿಟರ್, ಕರಡು, ಚಿತ್ರ, ಬಹುಭಾಷೆ) ಪುಕ್ಕಟೆ. ಸಂಪಾದಕರ ತಂಡಕ್ಕೆ ಬೇಕಾದ ಹಲವು ಹಂತದ ಒಪ್ಪಿಗೆ ವ್ಯವಸ್ಥೆ ಮಧ್ಯದ ದರಕ್ಕೆ. ಐಟಿ ವಿಭಾಗ, ಆಡಿಟರ್‌ಗಳು ಕೇಳುವ ಒಂದೇ ಲಾಗಿನ್ ವ್ಯವಸ್ಥೆ, ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ ಮೇಲಿನ ದರಕ್ಕೆ. ಸ್ಟ್ರಾಪಿ ಎಂಬ ಸಿಎಂಎಸ್‌ನಲ್ಲಿ ನಮಗೆ ಬೇಕಾದಂತೆ ಹೊಸ ರೋಲ್ (ಯಾರು ಏನು ಮಾಡಬಹುದು ಎಂಬ ಪಾತ್ರ) ಸೃಷ್ಟಿಸುವ ಸೌಲಭ್ಯ ಮೊದಲು ದುಡ್ಡು ಕೊಟ್ಟವರಿಗೆ ಮಾತ್ರ ಇತ್ತು, 2023ರಲ್ಲಿ ಎಲ್ಲರಿಗೂ ಬಿಟ್ಟರು. ಬೀಗ ತೆಗೆದರೆ ಯಾರೂ ಬೈಯುವುದಿಲ್ಲ, ಹೊಸದಾಗಿ ಹಾಕಿದರೆ ಎಲ್ಲರೂ ಬೈಯುತ್ತಾರೆ. ಹಾಗಾಗಿ ಅನುಮಾನವಿದ್ದರೆ ಮೊದಲು ಪಾವತಿ ಕಡೆ ಇಡಿ.

ಮೂರಕ್ಕೆ ಮಾತ್ರ ಎಂದೂ ಬೀಗ ಬೇಡ: ಸುರಕ್ಷತಾ ತಿದ್ದುಪಡಿ, ಬ್ಯಾಕಪ್, ಎಲ್ಲ ಬರಹವನ್ನೂ ಹೊರಗೆ ಒಯ್ಯುವ ಎಕ್ಸ್‌ಪೋರ್ಟ್.

ಪ್ಲಗಿನ್ ಮಾರುವವರಿಗೆ ಒಂದು ಮಾತು. ಜಿಪಿಎಲ್ ಪ್ಲಗಿನ್ ಕೊಂಡವನು ಅದನ್ನು ಮರುಹಂಚುವುದು ಕಾನೂನುಬದ್ಧ. ಅಂಥ ‘ಕ್ಲಬ್’ಗಳು ಬೇಕಾದಷ್ಟಿವೆ. ನೀವು ಮಾರುತ್ತಿರುವುದು ಫೈಲನ್ನಲ್ಲ, ಒಂದು ವರ್ಷದ ಅಪ್‌ಡೇಟ್ ಕೀ ಮತ್ತು ಸಪೋರ್ಟ್ ಎಂದು ಬಿಲ್‌ನಲ್ಲೇ ಬರೆಯಿರಿ.

ಮೀಟರ್ ಯಾವುದು

ದರದ ಅಂಕಿಗಿಂತ ದರ ಯಾವುದರ ಮೇಲೆ ಎಂಬುದು ದೊಡ್ಡ ಪ್ರಶ್ನೆ. ಗ್ರಾಹಕನ ಲಾಭ ಹೆಚ್ಚಿದಾಗ ಬಿಲ್ ಹೆಚ್ಚಬೇಕು. ಅದಕ್ಕೂ ಮುಖ್ಯವಾಗಿ, ಮುಂದಿನ ತಿಂಗಳ ಬಿಲ್ ಎಷ್ಟೆಂದು ಅವನಿಗೆ ಮೊದಲೇ ಗೊತ್ತಿರಬೇಕು.

ಬಳಕೆದಾರರ ಸಂಖ್ಯೆಯ ಮೇಲೆ ದರ ಹಾಕಿದರೆ ಪತ್ರಿಕಾ ಕಚೇರಿಗಳಲ್ಲಿ ಒಂದೇ ಪಾಸ್‌ವರ್ಡನ್ನು ಹತ್ತು ಜನ ಹಂಚಿಕೊಳ್ಳುತ್ತಾರೆ. ತಾಲೂಕು ವರದಿಗಾರ ವಾರಕ್ಕೊಂದು ಸುದ್ದಿ ಹಾಕುತ್ತಾನೆ, ಅವನಿಗೊಂದು ಸೀಟ್ ಕೊಳ್ಳಲು ಯಾರೂ ಒಪ್ಪುವುದಿಲ್ಲ. ಆಗ ‘ಯಾರು ಬದಲಿಸಿದರು’ ಎಂಬ ದಾಖಲೆಗೂ ಅರ್ಥವಿರುವುದಿಲ್ಲ. ಪುಟವೀಕ್ಷಣೆಯ ಮೇಲೆ ಹಾಕಿದರೆ ಒಂದು ಸುದ್ದಿ ವೈರಲ್ ಆದ ದಿನ ಬಿಲ್ ಹಾರುತ್ತದೆ, ಆದಾಯ ಹಾರಿರುವುದಿಲ್ಲ. ಎಐ ಕಂಪನಿಗಳ ಬಾಟ್‌ಗಳು ಪುಟಗಳನ್ನು ಮುಕ್ಕುತ್ತಿರುವ ಈ ಕಾಲದಲ್ಲಂತೂ ಬಾಟ್‌ಗಳ ಓಡಾಟಕ್ಕೆ ಗ್ರಾಹಕ ದುಡ್ಡು ಕೊಟ್ಟಂತಾಗುತ್ತದೆ. ಎಪಿಐ ಕರೆಗಳ (ಬೇರೆ ತಂತ್ರಾಂಶ ಮಾಹಿತಿ ಕೇಳುವ ಪ್ರತಿ ಸಲ ಒಂದು) ಲೆಕ್ಕವೂ ಇದೇ ತೊಂದರೆಯದ್ದು. ಹೆಡ್‌ಲೆಸ್ ಸಿಎಂಎಸ್‌ನಲ್ಲಿ (ಬರಹವನ್ನಷ್ಟೇ ಇಟ್ಟುಕೊಂಡು ಪುಟ ತೋರಿಸುವುದನ್ನು ಬೇರೆ ತಂತ್ರಾಂಶಕ್ಕೆ ಬಿಡುವಂಥದ್ದು) ಸ್ಟ್ಯಾಟಿಕ್ ತಾಣವನ್ನು, ಅಂದರೆ ಮೊದಲೇ ತಯಾರಿಸಿಟ್ಟ ಪುಟಗಳ ತಾಣವನ್ನು, ಪೂರ್ತಿ ಬಿಲ್ಡ್ ಮಾಡುವಾಗ ಎಲ್ಲ ಪುಟಗಳ ಮಾಹಿತಿಯನ್ನೂ ಮತ್ತೆ ಎಳೆಯುವುದು ಸಾಮಾನ್ಯ. 3,000 ಪುಟದ ತಾಣದಲ್ಲಿ, ಪುಟಕ್ಕೊಂದು ಕರೆಯಂತೆ, ಒಂದು ಅಕ್ಷರದೋಷ ತಿದ್ದಿದರೂ 3,000 ಕರೆ. ಡೆವಲಪರ್ ದಿನಕ್ಕೆ ಇಪ್ಪತ್ತು ಸಲ ಬಿಲ್ಡ್ ಮಾಡಿದರೆ ತಿಂಗಳ ಮಿತಿ ವಾರದಲ್ಲೇ ಮುಗಿಯುತ್ತದೆ.

ಘೋಸ್ಟ್ ಆರಿಸಿಕೊಂಡ ಮೀಟರ್ ಸದಸ್ಯರ ಸಂಖ್ಯೆ. ಸುದ್ದಿಪತ್ರಕ್ಕೆ ಸೇರಿದ ಓದುಗರು ಹೆಚ್ಚಿದಂತೆ ದರ ಏರುತ್ತದೆ, ಓದುಗರ ಚಂದಾದಲ್ಲಿ ಪಾಲು ಕೇಳುವುದಿಲ್ಲ. ಸುದ್ದಿಪತ್ರ ವೇದಿಕೆ ಸಬ್‌ಸ್ಟ್ಯಾಕ್ ಚಂದಾದಲ್ಲಿ 10% ತೆಗೆದುಕೊಳ್ಳುವಾಗ ಇದು ಒಂದೇ ಸಾಲಿನಲ್ಲಿ ಹೇಳಬಹುದಾದ ವ್ಯತ್ಯಾಸ. ಸಂಸ್ಥೆಗಳಿಗೆ ತಾಣ ಮಾಡಿಕೊಡುವ ಏಜೆನ್ಸಿಗಳು ನಿಮ್ಮ ಗ್ರಾಹಕರಾದರೆ ತಾಣವೊಂದಕ್ಕೆ ಇಷ್ಟು ಎಂಬುದೇ ಸರಳ. ಅವರು ತಮ್ಮ ಗ್ರಾಹಕರಿಗೆ ಕೊಡುವ ಕೊಟೇಶನ್‌ನಲ್ಲಿ ಅದು ನೇರವಾಗಿ ಒಂದು ಸಾಲಾಗುತ್ತದೆ.

ಅಂಕಿಗೆ ಬರೋಣ

ತಾಣಕ್ಕೆ ತಿಂಗಳಿಗೆ ₹1,000, ಜಿಎಸ್‌ಟಿ ಸೇರಿ ಎಂದಿಟ್ಟುಕೊಳ್ಳಿ. 18% ತೆರಿಗೆ ಕಳೆದರೆ ನಿಮ್ಮದು ₹847. ಪೇಮೆಂಟ್ ಗೇಟ್‌ವೇಗೆ 2% ಹಿಡಿದರೆ ₹20. ₹4,000 ಬಾಡಿಗೆಯ ಸರ್ವರ್‌ನಲ್ಲಿ ಹಠಾತ್ ದಟ್ಟಣೆಗೆ ಜಾಗ ಬಿಟ್ಟು 20 ತಾಣ ಇಟ್ಟರೆ ತಲಾ ₹200. ಬ್ಯಾಕಪ್, ಸಿಡಿಎನ್ (ಪುಟಗಳನ್ನು ಓದುಗರ ಹತ್ತಿರದ ಸರ್ವರ್‌ನಿಂದ ಒದಗಿಸುವ ಸೇವೆ), ಇಮೇಲ್ ಸೇರಿ ₹60. ಇನ್ನು ಸಪೋರ್ಟ್: ತಿಂಗಳಿಗೆ ₹60,000 ವೆಚ್ಚದ ಒಬ್ಬ ಎಂಜಿನಿಯರ್, 160 ಗಂಟೆ, ಅಂದರೆ ಗಂಟೆಗೆ ₹375. ಒಂದು ದೂರಿಗೆ ಅರ್ಧ ಗಂಟೆಯಂತೆ, ಐದು ತಾಣಕ್ಕೆ ತಿಂಗಳಿಗೆ ನಾಲ್ಕು ದೂರು ಬಂದರೆ ತಾಣಕ್ಕೆ ₹150. ಒಟ್ಟು ಖರ್ಚು ₹430, ಉಳಿದದ್ದು ₹417. ಹೊಸ ಸೌಲಭ್ಯ ಕಟ್ಟುವವರ ಸಂಬಳ, ಕಚೇರಿ, ಮಾರಾಟ ಎಲ್ಲ ಇದರಲ್ಲೇ ಆಗಬೇಕು.

ಈಗ ದೂರು ತಾಣಕ್ಕೆ ಎರಡಾಗಲಿ. ಸಪೋರ್ಟ್ ₹375ಕ್ಕೆ ಏರಿ ಉಳಿಕೆ ₹192ಕ್ಕೆ ಇಳಿಯಿತು. ಸರ್ವರ್ ಖರ್ಚು ಕಡಿಮೆ ಮಾಡಲು ತಲೆ ಕೆಡಿಸಿಕೊಳ್ಳುವವರು ಹೆಚ್ಚು, ಗಂಟು ಕರಗುವುದು ಇಲ್ಲಿ. ಪಾಸ್‌ವರ್ಡ್ ಮರೆತದ್ದು, ಡೊಮೇನ್ ಜೋಡಿಸಲು ಬಾರದ್ದು, ಚಿತ್ರ ಅಪ್‌ಲೋಡ್ ಆಗದ್ದು: ಮತ್ತೆ ಮತ್ತೆ ಬರುವ ಇಂಥ ದೂರುಗಳನ್ನು ತಂತ್ರಾಂಶದಲ್ಲೇ ಸರಿಪಡಿಸಿದರೆ ಅಷ್ಟೂ ಉಳಿತಾಯ.

‘ಭಾರತದಲ್ಲಿ ₹299 ಇಟ್ಟರೆ ಜನ ಮುಗಿಬೀಳುತ್ತಾರೆ’ ಎನ್ನುವವರಿಗೆ: ತೆರಿಗೆ ಕಳೆದು ₹253, ಗೇಟ್‌ವೇ ₹6, ಸರ್ವರ್ ₹200, ಇತರೆ ₹60. ಒಂದು ದೂರೂ ಬರುವ ಮುಂಚೆ ₹13 ನಷ್ಟ. ಅಗ್ಗದ ದರ ಬೇಕೇ ಬೇಕಾದರೆ ಸೌಲಭ್ಯ ಕತ್ತರಿಸಿ. ಘೋಸ್ಟ್ 2021ರಲ್ಲಿ 9 ಡಾಲರ್‌ನ ದರ ತಂದಾಗ ಅದರಲ್ಲಿ ಸ್ವಂತ ಥೀಮ್ ಹಾಕಲು ಬಿಡಲಿಲ್ಲ. ಸ್ವಂತ ಥೀಮ್ ಇಲ್ಲದಿದ್ದರೆ ಥೀಮ್‌ನಿಂದಾಗುವ ದೂರುಗಳೂ ಇಲ್ಲ.

ವರ್ಷದ ಚಂದಾಕ್ಕೆ ಎರಡು ತಿಂಗಳ ರಿಯಾಯಿತಿ ಕೊಡುವುದು ರೂಢಿ. ಅದು 16.7% ಕಡಿತ ಎಂಬುದು ನೆನಪಿರಲಿ. ಆದರೂ ಇಲ್ಲಿ ಲಾಭವೇ, ಏಕೆಂದರೆ ಪ್ರತಿ ತಿಂಗಳ ಕಾರ್ಡ್ ಪಾವತಿ ವಿಫಲವಾಗುವ ರಗಳೆ ತಪ್ಪುತ್ತದೆ. ರಿಸರ್ವ್ ಬ್ಯಾಂಕ್‌ನ ನಿಯಮದಂತೆ ತಾನಾಗಿ ಕಡಿತವಾಗುವ ಪಾವತಿ ₹15,000 ಮೀರಿದರೆ ಗ್ರಾಹಕ ಪ್ರತಿ ಸಲ ಒಟಿಪಿ ಹಾಕಬೇಕು. ₹14,999ರ ವಾರ್ಷಿಕ ದರಕ್ಕೂ ₹15,999ರ ದರಕ್ಕೂ ನವೀಕರಣದ ದಿನ ಗೊತ್ತಾಗುವ ವ್ಯತ್ಯಾಸ ಇದು. ಈ ಮಿತಿಗೆ ಲೆಕ್ಕವಾಗುವುದು ಜಿಎಸ್‌ಟಿ ಸೇರಿದ ಮೊತ್ತ. ಕಂಪನಿ ಗ್ರಾಹಕರು ಟಿಡಿಎಸ್ ಕಳೆದೇ ದುಡ್ಡು ಹಾಕುತ್ತಾರೆ, ಆದ್ದರಿಂದ ಪೂರ್ತಿ ಮೊತ್ತ ಬರದಿದ್ದರೆ ತಾಣ ತಾನಾಗಿ ನಿಲ್ಲುವಂತೆ ಕೋಡ್ ಬರೆದಿಡಬೇಡಿ. ಹೊರದೇಶದ ಗ್ರಾಹಕರಿಗೆ ಸೇವೆ ರಫ್ತಾಗುವುದರಿಂದ, ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿದರೆ ಜಿಎಸ್‌ಟಿ ಕಟ್ಟದೆ ಬಿಲ್ ಮಾಡಬಹುದು.

ಸರ್ಕಾರಿ ಇಲಾಖೆಗಳ ಬಾಗಿಲು 2015ರ ಓಪನ್ ಸೋರ್ಸ್ ನೀತಿಯ ನಂತರ ತೆರೆದೇ ಇದೆ, ಆದರೆ ಹೊಸ್ತಿಲು ಎತ್ತರ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಮಾನ್ಯತೆ ಪಡೆದ ಆಡಿಟರ್‌ನಿಂದ ಸುರಕ್ಷತಾ ಪ್ರಮಾಣಪತ್ರ ಬೇಕು, ಟೆಂಡರ್‌ನಲ್ಲಿ ಕಡಿಮೆ ದರದವರೇ ಗೆಲ್ಲುವುದು ಹೆಚ್ಚು, ಬಿಲ್ ಪಾಸಾಗಲು ತಿಂಗಳುಗಳು. ಮೊದಲ ವರ್ಷ ಇದನ್ನು ನಂಬಿಕೊಂಡು ಕೂರಬೇಡಿ.

ಬಿಡುಗಡೆ

ವರ್ಡ್‌ಪ್ರೆಸ್ ಗೆದ್ದದ್ದರಲ್ಲಿ ಐದು ನಿಮಿಷದ ಇನ್‌ಸ್ಟಾಲ್‌ನ ಪಾಲು ದೊಡ್ಡದು. ಯಾವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲೂ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಇರುತ್ತಿತ್ತು. ನೋಡ್ (ಜಾವಾಸ್ಕ್ರಿಪ್ಟ್ ಕೋಡನ್ನು ಸರ್ವರ್‌ನಲ್ಲಿ ಓಡಿಸುವ ತಂತ್ರಾಂಶ) ಮೇಲೆ ಕಟ್ಟಿದ ಇಂದಿನ ಸಿಎಂಎಸ್‌ಗಳಿಗೆ ಸದಾ ಓಡುತ್ತಿರುವ ಪ್ರಕ್ರಿಯೆ ಬೇಕು, ಘೋಸ್ಟ್ ಕೂಡ ಕನಿಷ್ಠ 1 ಜಿಬಿ ಮೆಮೊರಿ ಕೇಳುತ್ತದೆ. ಅಡ್ಮಿನ್ ಭಾಗವನ್ನು ಸರ್ವರ್‌ನಲ್ಲೇ ಬಿಲ್ಡ್ ಮಾಡಿಸಿದರೆ ಚಿಕ್ಕ ಯಂತ್ರಗಳಲ್ಲಿ ಮೆಮೊರಿ ಸಾಲದೆ ಅರ್ಧಕ್ಕೇ ನಿಲ್ಲುತ್ತದೆ. ‘ಕಿಲ್ಡ್’ ಎಂಬ ಒಂದೇ ಪದ ಕಾಣುತ್ತದೆ, ಹೊಸಬನಿಗೆ ಏನಾಯಿತೆಂದು ತಿಳಿಯುವುದಿಲ್ಲ. ಮೊದಲೇ ಬಿಲ್ಡ್ ಮಾಡಿದ ಡಾಕರ್ ಇಮೇಜ್ (ಬೇಕಾದದ್ದೆಲ್ಲ ಸೇರಿಸಿಟ್ಟ, ನೇರ ಓಡಿಸಬಹುದಾದ ಕಟ್ಟು) ಕೊಡಿ. ಖಾಲಿ ಸರ್ವರ್‌ನಿಂದ ಮೊದಲ ಪುಟ ಪ್ರಕಟವಾಗುವವರೆಗೆ ಹತ್ತು ನಿಮಿಷ ದಾಟಿದರೆ ಬಿಡುಗಡೆ ಮುಂದೂಡಿ.

ಡೆಮೊ ತಾಣ ಗಂಟೆಗೊಮ್ಮೆ ತಾನಾಗಿ ಹಳೆಯ ಸ್ಥಿತಿಗೆ ಮರಳಬೇಕು, ಅದರಿಂದ ಇಮೇಲ್ ಹೋಗಬಾರದು, ಫೈಲ್ ಅಪ್‌ಲೋಡ್ ಆಗಬಾರದು. ಇಲ್ಲದಿದ್ದರೆ ಸ್ಪ್ಯಾಮ್ ಮಾಡುವವರು ಕೂಡಲೇ ಹುಡುಕಿಕೊಂಡು ಬರುತ್ತಾರೆ. ಪುಕ್ಕಟೆ ಹೋಸ್ಟಿಂಗ್ ಕೊಟ್ಟರೆ ಯಾರಾದರೂ ಬ್ಯಾಂಕ್ ಲಾಗಿನ್‌ನಂತೆ ಕಾಣುವ ನಕಲಿ ಪುಟ ಮಾಡಿಯೇ ಮಾಡುತ್ತಾರೆ. ಆಗ ಬ್ರೌಸರ್‌ಗಳು ಇಡೀ ಡೊಮೇನ್‌ಗೆ ಕೆಂಪು ಎಚ್ಚರಿಕೆ ಹಾಕಬಹುದು. ಗ್ರಾಹಕರ ತಾಣಗಳಿಗೆ ಬೇರೆಯೇ ಡೊಮೇನ್ ಇಟ್ಟು ಅದನ್ನು ಪಬ್ಲಿಕ್ ಸಫಿಕ್ಸ್ ಪಟ್ಟಿಗೆ (ಉಪಡೊಮೇನ್‌ಗಳನ್ನು ಬೇರೆ ಬೇರೆ ತಾಣಗಳೆಂದು ಬ್ರೌಸರ್‌ಗಳು ಎಣಿಸಲು ನೆರವಾಗುವ ಪಟ್ಟಿ) ಸೇರಿಸಿ, ಕಂಪನಿಯ ಸ್ವಂತ ತಾಣ ಮತ್ತು ಇಮೇಲ್ ಅದರಿಂದ ದೂರವಿರಲಿ. ಸುದ್ದಿಪತ್ರ ಕಳಿಸುವ ಸೌಲಭ್ಯ ಇದ್ದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಪತ್ರ ನಿಜಕ್ಕೂ ನಿಮ್ಮ ಡೊಮೇನ್‌ನದೇ ಎಂದು ತೋರಿಸುವ ವ್ಯವಸ್ಥೆಗಳು) ಮತ್ತು ಒಂದೇ ಕ್ಲಿಕ್‌ನಲ್ಲಿ ಹೊರಬರುವ ಕೊಂಡಿ ಬೇಕೇ ಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಇದನ್ನು ಕಡ್ಡಾಯ ಮಾಡುತ್ತ ಬಂದಿದೆ.

ಹೊಸ ಸಿಎಂಎಸ್‌ಗೆ ಬರುವವರಲ್ಲಿ ಬಹುಪಾಲು ಎಲ್ಲಿಂದಲೋ ಬಿಟ್ಟು ಬರುವವರೇ. ಅದರಲ್ಲೂ ವರ್ಡ್‌ಪ್ರೆಸ್‌ನಿಂದ. ಅದರ ಎಕ್ಸ್‌ಪೋರ್ಟ್ ಫೈಲಿನಲ್ಲಿ ಚಿತ್ರಗಳಿರುವುದಿಲ್ಲ, ವಿಳಾಸಗಳಷ್ಟೇ ಇರುತ್ತವೆ. ಹಳೆಯ ತಾಣ ಮುಚ್ಚಿದ ಮೇಲೆ ಇಂಪೋರ್ಟ್ ಮಾಡಿದರೆ ಚಿತ್ರಗಳೆಲ್ಲ ಹೋದಂತೆಯೇ. ಈ ಎಚ್ಚರಿಕೆ ಇಂಪೋರ್ಟ್ ಪರದೆಯ ಮೇಲೇ ಇರಲಿ. ಹಳೆಯ ಪುಟವಿಳಾಸಗಳಿಂದ ಹೊಸದಕ್ಕೆ 301 ಮರುದಾರಿ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆ) ತಾನಾಗಿ ಸೃಷ್ಟಿಯಾಗಲಿ.

ಕನ್ನಡ ಪ್ರಕಾಶಕರು ನಿಮ್ಮ ಗ್ರಾಹಕರಾಗುವುದಾದರೆ ದೊಡ್ಡ ಸಿಎಂಎಸ್‌ಗಳು ಗಮನ ಕೊಡದ ಮೂರು ಕಡೆ ನಿಮಗೆ ಅವಕಾಶವಿದೆ. ಒಂದು, ಪುಟವಿಳಾಸ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ವಿಳಾಸದಲ್ಲಿ ಅದು ಒಂಬತ್ತು ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್‌ನ ಮಿತಿ 200, ಅಂದರೆ 22 ಸಂಕೇತ. ಒತ್ತಕ್ಷರ, ಗುಣಿತಗಳೆಲ್ಲ ಬೇರೆ ಬೇರೆ ಸಂಕೇತಗಳಾದ್ದರಿಂದ ಮೂರ್ನಾಲ್ಕು ಪದಕ್ಕೇ ಶೀರ್ಷಿಕೆ ನಡುವೆ ಕತ್ತರಿಸಿಹೋಗುತ್ತದೆ. ಎರಡು, ಹುಡುಕಾಟ. ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’ ಸಿಗುವುದಿಲ್ಲ, ವಿಭಕ್ತಿ ಸೇರಿ ಪದದ ಕೊನೆಯೇ ಬದಲಾಗಿರುತ್ತದೆ. ಮೂರು, ಯುನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿರುವ ಹಳೆಯ ಸಂಗ್ರಹ. ಅಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ಮುಂಚೆ ಬರಬೇಕು. ಒತ್ತು ಮತ್ತು ಸ್ವರಚಿಹ್ನೆಗಳ ಕ್ರಮವೂ ತಿರುಗುಮುರುಗು. ಈ ಪರಿವರ್ತನೆಯನ್ನು ಪುಟಕ್ಕಿಷ್ಟು ಎಂದು ಒಮ್ಮೆಯ ಶುಲ್ಕಕ್ಕೆ ಮಾರಿ, ಕರಡು ತಿದ್ದುವ ಕೆಲಸದ ದರ ಬೇರೆ ಎಂದು ಮೊದಲೇ ತಿಳಿಸಿ.

ಬಿಡುಗಡೆಯ ದಿನ ಕೋಡ್ ಹಂಚುವ ಗಿಟ್‌ಹಬ್ ತಾಣದಲ್ಲಿ ನಕ್ಷತ್ರಗಳು (ಮೆಚ್ಚುಗೆಯ ಗುರುತು) ಬೀಳುತ್ತವೆ. ಖುಷಿಪಡಿ, ಲೆಕ್ಕಕ್ಕೆ ಹಿಡಿಯಬೇಡಿ. ನೋಡಬೇಕಾದದ್ದು ಇನ್‌ಸ್ಟಾಲ್ ಮಾಡಿದವರಲ್ಲಿ ಎಷ್ಟು ಜನ ನಾಲ್ಕನೇ ವಾರದಲ್ಲೂ ಏನಾದರೂ ಪ್ರಕಟಿಸಿದರು ಎಂಬುದನ್ನು. ಇದಕ್ಕೆ ಬಳಕೆಯ ಮಾಹಿತಿ ಸಂಗ್ರಹಿಸುವುದಾದರೆ ಒಪ್ಪಿಗೆ ಕೇಳಿ, ಏನು ಸಂಗ್ರಹಿಸುತ್ತೀರಿ ಎಂದು ಬರೆಯಿರಿ. ಬಿಡುಗಡೆಗೂ ಮುಂಚೆ ಐದಾರು ಗ್ರಾಹಕರಾದರೂ ಪೂರ್ತಿ ದರ ಕೊಟ್ಟು ಬಳಸುತ್ತಿರಬೇಕು. ರಿಯಾಯಿತಿ ಕೊಡುವುದಾದರೆ ಮೊದಲ ವರ್ಷಕ್ಕೆ ಮಾತ್ರ, ಅದೂ ಬಿಲ್‌ನಲ್ಲಿ ಪೂರ್ತಿ ದರ ನಮೂದಿಸಿಯೇ. ‘ಜೀವನಪರ್ಯಂತ ₹4,999’ ಎಂದು ಮಾರಿದರೆ ಸರ್ವರ್ ಬಾಡಿಗೆ ಮಾತ್ರ ಪ್ರತಿ ತಿಂಗಳೂ ಬರುತ್ತಿರುತ್ತದೆ.

ಪ್ರತಿ ಆವೃತ್ತಿಗೆ ಎಷ್ಟು ಕಾಲ ಸುರಕ್ಷತಾ ತಿದ್ದುಪಡಿ ಕೊಡುತ್ತೀರಿ ಎಂಬುದನ್ನು ಬಿಡುಗಡೆಯ ದಿನವೇ ಪ್ರಕಟಿಸಿ, ಕೈಲಾಗುವಷ್ಟೇ ಹೇಳಿ. 2011ರಲ್ಲಿ ಬಂದ ಡ್ರೂಪಲ್ 7ರ ಆಯಸ್ಸು 2021ರ ನವೆಂಬರ್‌ಗೆ ಮುಗಿಯಬೇಕಿತ್ತು. ಹೊಸ ಆವೃತ್ತಿಗೆ ಹೋಗಲಾರದ ತಾಣಗಳು ಅಷ್ಟೊಂದಿದ್ದವು, ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 2025ರ ಜನವರಿ 5ಕ್ಕೆ ನಿಲ್ಲಿಸಿದರು. ಆ ದಿನದಾಚೆಗೂ ಹಳೆಯ ಆವೃತ್ತಿಯನ್ನೇ ನೋಡಿಕೊಳ್ಳುವ ಸೇವೆಯನ್ನು ಕೆಲವು ಕಂಪನಿಗಳು ದುಡ್ಡಿಗೆ ಮಾರುತ್ತಿವೆ. ನಿಮ್ಮ ದರಪಟ್ಟಿಯಲ್ಲೂ ಅದಕ್ಕೊಂದು ಸಾಲು ಈಗಲೇ ಇಡಬಹುದು.